ಫ್ಲಾರೆನ್ಸಿನ ಬಟ್ಟಲಲ್ಲಿ ನಮ್ಮ ಮುರುಕು ರೊಟ್ಟಿ!

ಒಣಗಿ ಗಟ್ಟಿಯಾದ ರೊಟ್ಟಿಯನ್ನು ತುಸು ನೆನೆಸಿ ಮುರಿಯಬೇಕು. ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ ಹಾಕಬೇಕು. ಎಳೆ ಸವತಿಕಾಯಿ, ಹೊಲದ ಬದುವಿನ ಗೋಳಿ ಸೊಪ್ಪು ಸೇರಿಸಬೇಕು. ಮೇಲೆ ಹಸಿ ಎಣ್ಣೆ ಸುರುವಿ, ಒಂದಿಷ್ಟು ಹುಳಿ, ಒಂದಿಷ್ಟು ಉಪ್ಪು ಹಾಕಿ ಕೈಯಿಂದಲೇ ಕಲಸಿ ತಿನ್ನಬೇಕು. ಹೇಳಿ, ಇದು ಯಾವ ಊರಿನ ಊಟ? ನಮ್ಮ ಧಾರವಾಡ ಜಿಲ್ಲೆಯ ಅಳ್ನಾವರದ ಸಂತೆಯಲ್ಲಿ ನಿಂತು ಯಾರನ್ನು ಕೇಳಿದರೂ "ನಮ್ಮದರೀ, ಮತ್ತ್ಯಾರದು?" ಎಂದೇ ಅಂದಾರು.

ಇದು 16ನೇ ಶತಮಾನದ ಇಟಲಿಯ ಊಟ! ಫ್ಲಾರೆನ್ಸ್ ನಗರದ್ದು! ಅಲ್ಲಿ ಆಗ್ನೊಲೊ ಬ್ರೊಂಜಿನೊ ಎಂಬ ಚಿತ್ರಕಾರನಿದ್ದ. 1503ರಲ್ಲಿ ಹುಟ್ಟಿ 1572ರಲ್ಲಿ ತೀರಿಕೊಂಡವನು. ಆ ನಾಡನ್ನು ಆಳುತ್ತಿದ್ದ ಕೊಸಿಮೊ ದೆ ಮೆಡಿಚಿಯ ಆಸ್ಥಾನದಲ್ಲಿ ಅರಸು ಮನೆತನದವರ ಚಿತ್ರ ಬರೆಯುತ್ತಿದ್ದ. ರೇಷ್ಮೆ, ಜರಿ, ಮುತ್ತುಗಳನ್ನು ಕಣ್ಣಿಗೆ ಕಟ್ಟುವ ಹಾಗೆ ಬಿಡಿಸಿದ ಆ ಕೈ ಕವಿತೆಯನ್ನೂ ಬರೆಯುತ್ತಿತ್ತು. ಬರೆದದ್ದು ಯಾವುದರ ಮೇಲೆ? ಉಳ್ಳಾಗಡ್ಡಿಯ ಮೇಲೆ! ಉಳ್ಳಾಗಡ್ಡಿಯನ್ನು ಹೊಗಳುವ ಆ ಕವಿತೆಯಲ್ಲಿ ಅದ್ದಿ ತಿನ್ನುವ ಬ್ರೆಡ್ಡು ಬರುತ್ತದೆ, ಕೊಚ್ಚಿದ ಉಳ್ಳಾಗಡ್ಡಿ ಬರುತ್ತದೆ, ಸವತಿಕಾಯಿ ಬರುತ್ತದೆ, ಗೋಳಿ ಸೊಪ್ಪು ಬರುತ್ತದೆ. ಬದುಕಿನ ಉಳಿದೆಲ್ಲ ಸುಖಗಳಿಗಿಂತ ಈ ಬಟ್ಟಲೇ ಹೆಚ್ಚು ಎಂಬುದು ಅವನ ತೀರ್ಮಾನ. ಇದನ್ನು ಮೊದಲ ಸಲ ತಿಳಿದಾಗ ನನಗೆ ಮೈ ಜುಮ್ಮೆಂದಿತು. ರೊಟ್ಟಿ ತಿನ್ನುವ ನಾಡಿನಲ್ಲಿ ಹುಟ್ಟಿ ಬೆಳೆದ ಯಾರಿಗೆ ತಾನೆ ಹಾಗನ್ನಿಸದೆ ಇದ್ದೀತು?

ಆ ಬಟ್ಟಲಿಗೆ ಇಂದು ಪಾನ್ಜನೆಲ್ಲಾ ಎಂದು ಹೆಸರು. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ರೈತರ ಬೇಸಿಗೆಯ ಊಟ. ಈಗ ಅದು ಕೆಂಪಗೆ ಹೊಳೆಯುತ್ತದೆ, ಯಾಕೆಂದರೆ ಅದರ ತುಂಬ ಟೊಮ್ಯಾಟೊ. ಬ್ರೆಡ್ಡು ಮತ್ತು ಟೊಮ್ಯಾಟೊಗಳ ಈ ಸಲಾಡ್ ಜಗತ್ತಿನ ಎಷ್ಟೋ ಅಡುಗೆಮನೆಗಳನ್ನು ಹೊಕ್ಕಿದೆ. ಆದರೆ ಬ್ರೊಂಜಿನೊನ ಬಟ್ಟಲಲ್ಲಿ ಟೊಮ್ಯಾಟೊ ಎಲ್ಲಿದೆ? ಇಲ್ಲ! ಒಂದು ಹೋಳೂ ಇಲ್ಲ!

ತಡವಾಗಿ ಬಂದ ಕೆಂಪು

1548ರ ಅಕ್ಟೋಬರ್ 31. ಅದೇ ಕೊಸಿಮೊ ದೆ ಮೆಡಿಚಿಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದವನು ಒಂದು ಪತ್ರ ಬರೆದ. ಫ್ಲಾರೆನ್ಸಿನ ಹತ್ತಿರದ ತೋಟದಿಂದ ಕಳಿಸಿದ್ದ ಒಂದು ಬುಟ್ಟಿ ಟೊಮ್ಯಾಟೊ ಕ್ಷೇಮವಾಗಿ ತಲುಪಿತು ಎಂಬ ಸಣ್ಣ ಸಮಾಚಾರ ಅದರಲ್ಲಿತ್ತು. ಟಸ್ಕನಿಯಲ್ಲಿ ಟೊಮ್ಯಾಟೊ ಕಾಣಿಸಿಕೊಂಡ ಬಗ್ಗೆ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಕಾಡುಗಿಡ ಮೆಕ್ಸಿಕೊದಲ್ಲಿ ಪಳಗಿ, ಹಡಗೇರಿ ಕಡಲು ದಾಟಿ, ಆಗಷ್ಟೇ ಅರಸನ ತೋಟಕ್ಕೆ ಬಂದಿಳಿದಿತ್ತು. ಅದೇ ಅರಸ, ಅದೇ ಊರು, ಅದೇ ಕಾಲ! ಉಳ್ಳಾಗಡ್ಡಿಯನ್ನು ಹಾಡಿ ಹೊಗಳಿದ ಚಿತ್ರಕಾರ ಒಂದು ಕಡೆ, ಬುಟ್ಟಿ ತುಂಬ ಟೊಮ್ಯಾಟೊ ಇನ್ನೊಂದು ಕಡೆ. ಎರಡೂ ಇಷ್ಟು ಹತ್ತಿರವಿದ್ದೂ ಒಂದೇ ಬಟ್ಟಲಿಗೆ ಬೀಳಲಿಲ್ಲ. ಬಹಳ ಕಾಲ ಆ ಹಣ್ಣನ್ನು ಜನ ಅಚ್ಚರಿಯಿಂದ ನೋಡಿದರೇ ಹೊರತು ಮನಸಾರೆ ತಿನ್ನಲಿಲ್ಲ. ಇಟಲಿಯ ಅಡುಗೆ ಪುಸ್ತಕವೊಂದರಲ್ಲಿ ಟೊಮ್ಯಾಟೊ ಚಟ್ನಿಯಂಥದ್ದು ಅಚ್ಚಾಗಿದ್ದು 1690ರ ದಶಕದಲ್ಲಿ, ಅದೂ ದಕ್ಷಿಣದ ನೇಪಲ್ಸಿನಲ್ಲಿ. ಪಾನ್ಜನೆಲ್ಲಾದಲ್ಲಿ ಉಳ್ಳಾಗಡ್ಡಿಯನ್ನು ಹಿಂದಿಕ್ಕಿ ಟೊಮ್ಯಾಟೊ ಯಜಮಾನಿಕೆ ಹಿಡಿದದ್ದು 20ನೇ ಶತಮಾನದಲ್ಲಿ!

ಹಾಗಾದರೆ ಈ ಊಟದ ಜೀವ ಎಲ್ಲಿದೆ? ಬ್ರೆಡ್ಡಿನಲ್ಲಿದೆ. ಹಳತಾದ, ಗಟ್ಟಿಯಾದ, ಎಸೆಯಲು ಮನಸ್ಸು ಬಾರದ ಬ್ರೆಡ್ಡಿನಲ್ಲಿ. ಉಳಿದದ್ದೆಲ್ಲ ಅದನ್ನು ಮತ್ತೆ ಎಬ್ಬಿಸುವ ಉಪಾಯ. ಇಷ್ಟು ಹೊಳೆದದ್ದೇ ತಡ, ನನ್ನ ಕಣ್ಣು ಅಡುಗೆಮನೆಯ ರೊಟ್ಟಿ ಬುಟ್ಟಿಯ ಮೇಲೆ ಬಿತ್ತು.

ಎರಡು ರೊಟ್ಟಿಗಳ ಗಡಿ

ಅಳ್ನಾವರ ಎಂಥ ಜಾಗದಲ್ಲಿ ಕುಳಿತಿದೆ ನೋಡಿ! ತೆಂಕಣಕ್ಕೆ ಹಳಿಯಾಳ, ದಾಂಡೇಲಿಗಳ ಕಾಡು. ಮಳೆಗಾಲದಲ್ಲಿ ಇಲ್ಲಿ ಭತ್ತದ ಗದ್ದೆಗಳು ತುಂಬಿ ನಿಲ್ಲುತ್ತವೆ, ಗೋವಿನಜೋಳ ಆಳೆತ್ತರ ಬೆಳೆಯುತ್ತದೆ. ಮೂಡಣಕ್ಕೆ ಧಾರವಾಡ ದಾಟಿ ಹೋದರೆ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಎರಿ ಹೊಲ. ಕಣ್ಣು ಹಾಯಿಸಿದಷ್ಟೂ ಕಪ್ಪು ಮಣ್ಣು, ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ, ಉಳ್ಳಾಗಡ್ಡಿ, ಬ್ಯಾಡಗಿ ಮೆಣಸಿನಕಾಯಿ. ಒಂದೇ ಜಿಲ್ಲೆಯೊಳಗೆ ಅರೆಮಲೆನಾಡೂ ಬಯಲುಸೀಮೆಯೂ!

ಇಲ್ಲಿನ ರೈಲು ಜಂಕ್ಷನ್ನಿನಿಂದ ಒಂದು ಕವಲು ದಾಂಡೇಲಿಯ ಕಡೆ ಹೋಗುತ್ತದೆ. ಮುಖ್ಯ ಹಳಿ ಲೋಂಡಾ, ಕ್ಯಾಸಲ್ ರಾಕ್ ದಾಟಿ, ದೂಧಸಾಗರದ ಬದಿಯಲ್ಲಿ ಘಟ್ಟವಿಳಿದು ಗೋವಾ ಸೇರುತ್ತದೆ. ಗೋವಾ ಅಂದರೆ ಪಾವ್! 1510ರಲ್ಲಿ ಅಲ್ಲಿ ನೆಲೆಯೂರಿದ ಪೋರ್ಚುಗೀಸರಿಗೆ ಉಬ್ಬಿದ ಗೋಧಿ ಬ್ರೆಡ್ಡು ಬೇಕೇ ಬೇಕು. ಯೀಸ್ಟ್ ಸಿಗದ ಆ ನೆಲದಲ್ಲಿ ಹಿಟ್ಟು ಹುದುಗಿಸಲು ತೆಂಗಿನ ಕಳ್ಳು ಬಳಕೆಗೆ ಬಂತು. ಮೆಣಸಿನಕಾಯಿ ಬಂದದ್ದೂ ಅವರ ಹಡಗುಗಳಲ್ಲೇ. ಆ ಪೋರ್ಚುಗೀಸರ ಕಾಲದಲ್ಲೇ ಫ್ಲಾರೆನ್ಸಿನ ವ್ಯಾಪಾರಿ ಫಿಲಿಪ್ಪೊ ಸಸ್ಸೆಟ್ಟಿ ಕೊಚ್ಚಿ, ಗೋವಾಗಳಲ್ಲಿ ವರ್ಷಗಟ್ಟಲೆ ಇದ್ದು, ಇಲ್ಲಿನ ಜನ, ಗಿಡಮೂಲಿಕೆ, ಭಾಷೆಗಳ ಬಗ್ಗೆ ತನ್ನೂರಿಗೆ ಪತ್ರದ ಮೇಲೆ ಪತ್ರ ಬರೆದು, 1588ರಲ್ಲಿ ಗೋವಾದಲ್ಲೇ ಕಣ್ಣು ಮುಚ್ಚಿದ. ಬ್ರೊಂಜಿನೊ ತೀರಿಕೊಂಡಾಗ ಈ ಸಸ್ಸೆಟ್ಟಿಗೆ 32 ವರ್ಷ. ಒಂದೇ ಊರಿನ ಇಬ್ಬರು! ಒಬ್ಬನ ಉಳ್ಳಾಗಡ್ಡಿಯ ಹಾಡು ಅಲ್ಲಿ, ಇನ್ನೊಬ್ಬನ ಕೊನೆಯುಸಿರು ನಮ್ಮ ಘಟ್ಟದ ಕೆಳಗೆ!

ಹೀಗೆ ಘಟ್ಟದ ಕೆಳಗಿನ ಪಾವ್ ನಾಡಿಗೂ ಎರಿ ಹೊಲದ ರೊಟ್ಟಿ ನಾಡಿಗೂ ನಡುವೆ ಇರುವ ಊರು ಅಳ್ನಾವರ. ಬೇಕರಿಯಲ್ಲಿ ಪಾವ್ ಸಿಗುತ್ತದೆ, ಮನೆಯಲ್ಲಿ ಖಡಕ್ ರೊಟ್ಟಿ ಇರುತ್ತದೆ. ಇಟಲಿಯ ಈ ಸಲಾಡನ್ನು ಎರಡು ದಾರಿಯಲ್ಲೂ ಮಾಡಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕೆ?

ಉಪ್ಪಿಲ್ಲದ ರೊಟ್ಟಿ, ಅಲ್ಲೂ ಇಲ್ಲೂ

ಈಗ ಕೇಳಿ, ನನ್ನನ್ನು ಕುಳಿತಲ್ಲಿಂದ ಎಬ್ಬಿಸಿದ ಸಂಗತಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ! ಗೋಧಿ ಹಿಟ್ಟು, ನೀರು, ಮನೆಯ ಹುಳಿಹಿಟ್ಟು, ಅಷ್ಟೇ. 2016ರಲ್ಲಿ ಯುರೋಪಿಯನ್ ಒಕ್ಕೂಟ ಈ ಉಪ್ಪಿಲ್ಲದ ಬ್ರೆಡ್ಡಿಗೆ ಮೂಲಸ್ಥಳದ ರಕ್ಷಣೆ ಕೊಟ್ಟಿತು, ನಮ್ಮ ಧಾರವಾಡ ಪೇಡೆಗೆ ಜಿಐ ಗುರುತು ಸಿಕ್ಕ ರೀತಿಯಲ್ಲಿ. ಇಟಲಿಯ ಬೇರೆ ಕಡೆಯವರು ಅದನ್ನು ಬಾಯಿಗಿಟ್ಟು ಸಪ್ಪೆ ಎನ್ನುತ್ತಾರೆ. ಟಸ್ಕನಿಯವರು ಅದರ ಜೊತೆ ಉಪ್ಪುಪ್ಪಾದ ಗಿಣ್ಣು, ಉಪ್ಪು ಹಚ್ಚಿ ಒಣಗಿಸಿದ ಮಾಂಸ ತಿಂದು ಸಮ ಮಾಡಿಕೊಳ್ಳುತ್ತಾರೆ.

ಇನ್ನು ನಮ್ಮ ಜೋಳದ ರೊಟ್ಟಿ? ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿಟ್ಟಿಗೆ ಉಪ್ಪು ಬೀಳುವುದೇ ಇಲ್ಲ. ಉಪ್ಪು, ಖಾರ, ಹುಳಿ ಎಲ್ಲ ಎಣ್ಣೆಗಾಯಿಯಲ್ಲಿ, ಝುಣಕದಲ್ಲಿ, ಶೇಂಗಾ ಹಿಂಡಿಯಲ್ಲಿ, ಗುರೆಳ್ಳು ಹಿಂಡಿಯಲ್ಲಿ. ರೊಟ್ಟಿಗೆ ಸಿಹಿಯಾದ ಜೋಳದ ರುಚಿಯೊಂದೇ ಸಾಕು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಇಲ್ಲಿನ ಮಳೆಗಾಲದ ಗಾಳಿಯಲ್ಲೂ ರೊಟ್ಟಿ ಕಟಕಟ ಎನ್ನಬೇಕಾದರೆ ಉಪ್ಪು ದೂರವಿದ್ದಷ್ಟು ಒಳ್ಳೆಯದು. ಸಪ್ಪೆ ರೊಟ್ಟಿಯು ಬಟ್ಟಲಿನ ರಸವನ್ನೆಲ್ಲ ಕುಡಿದಾಗ ಆ ರಸದ ರುಚಿಯೇ ಅದರ ರುಚಿಯಾಗುತ್ತದೆ, ಇಟಲಿಯಲ್ಲೂ ಅಳ್ನಾವರದಲ್ಲೂ.

ಖಡಕ್ ರೊಟ್ಟಿ ಮಾಡುವುದನ್ನು ನಿಂತು ನೋಡಿದ್ದೀರಾ? ಜೋಳದ ಹಿಟ್ಟಿನಲ್ಲಿ ಗೋಧಿಗೆ ಇರುವ ಜಿಗುಟು ಇಲ್ಲ. ತಣ್ಣೀರಲ್ಲಿ ಕಲಸಿದರೆ ಪುಡಿಪುಡಿಯಾಗುತ್ತದೆ. ಕುದಿವ ಎಸರು ಹೊಯ್ದು ನಾದಿದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಆ ಅಂಟನ್ನೇ ನಂಬಿ ನಮ್ಮ ಹೆಣ್ಣುಮಕ್ಕಳು ಕಾಗದದಷ್ಟು ತೆಳ್ಳಗೆ ರೊಟ್ಟಿ ಬಡಿಯುತ್ತಾರೆ! ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿಸಿ, ಆಮೇಲೆ ಒಲೆಯ ಬದಿಗೆ ಆನಿಸಿ ನಿಲ್ಲಿಸಿದರೆ ಉಳಿದ ತೇವವೂ ಆರಿ ಖಡಕ್ ಆಗುತ್ತದೆ. ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ, ಜಾತ್ರೆಗೆ, ಪರಸ್ಥಳದಲ್ಲಿ ಓದುವ ಮಗನ ಖೋಲಿಗೆ, ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಹಳತಾದ ಬ್ರೆಡ್ಡೇ ಯಾಕೆ?

ಹೊಸ ಬ್ರೆಡ್ಡನ್ನು ನೀರಲ್ಲಿ ಅದ್ದಿದರೆ ಗಂಜಿಯಾಗುತ್ತದೆ, ಹಳೆಯದನ್ನು ಅದ್ದಿ ಹಿಂಡಿದರೆ ಬಿಡಿಬಿಡಿಯಾಗಿ ಉದುರುತ್ತದೆ. ಒಣಗಿದ್ದರಿಂದ ಹೀಗಾಗುತ್ತದೆ ಎಂದೇ ನಾವೆಲ್ಲ ಎಣಿಸುತ್ತೇವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಜಾನ್ ಬಾಪ್ಟಿಸ್ಟ್ ಬೂಸಾಂಗೋ 1852ರಲ್ಲೇ ಬೆರಗಾಗುವ ಒಂದು ಸಂಗತಿ ತೋರಿಸಿಕೊಟ್ಟ. ಗಾಳಿಯಾಡದಂತೆ ಮುಚ್ಚಿಟ್ಟು, ತೇವ ಒಂಚೂರೂ ಹೊರಹೋಗದಂತೆ ಕಾಪಾಡಿದರೂ ಬ್ರೆಡ್ಡು ಹಳತಾಗಿ ಗಟ್ಟಿಯಾಗುತ್ತದೆ! ಅದನ್ನೇ ಮತ್ತೆ ಬಿಸಿ ಮಾಡಿದರೆ ಮೆತ್ತಗಾಗುತ್ತದೆ! ಬೇಯುವಾಗ ಸಡಿಲಾಗಿ ಹರಡಿಕೊಂಡ ಪಿಷ್ಟದ ಎಳೆಗಳು ಆರಿದ ಮೇಲೆ ನಿಧಾನವಾಗಿ ಮತ್ತೆ ಒತ್ತೊತ್ತಾಗಿ ಜೋಡಣೆಗೊಳ್ಳುತ್ತವೆ. ಹಾಗೆ ಜೋಡಣೆಗೊಂಡ ಬ್ರೆಡ್ಡು ನೀರು ಕುಡಿದರೂ ಕರಗಿಹೋಗುವುದಿಲ್ಲ. ಫ್ರಿಜ್ಜಿನ ತಂಪಿನಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಹೊರಗಿಟ್ಟದ್ದಕ್ಕಿಂತ ಮೊದಲು ಗಟ್ಟಿಯಾಗುವುದು ಇದಕ್ಕೇ. ಇಷ್ಟು ದಿನ ಕೆಟ್ಟಿತು ಎಂದು ನಾವು ಬದಿಗಿಟ್ಟದ್ದು, ಈ ಬಟ್ಟಲಿಗೆ ಹದಗೊಂಡ ಬ್ರೆಡ್ಡು!

ಪಾವ್ ದಾರಿ

ಮೊದಲು ಇಟಲಿಯ ದಾರಿಯನ್ನೇ ಹಿಡಿಯೋಣ. ನಾಲ್ಕು ಜನಕ್ಕೆ 300 ಗ್ರಾಂ ಬ್ರೆಡ್ಡು ಸಾಕು. ಹೋಳು ಮಾಡಿ ಮಾರುವ ಸಿಹಿ ಬ್ರೆಡ್ಡು ಇದಕ್ಕೆ ಒಗ್ಗುವುದಿಲ್ಲ. ಪಾವ್ ತನ್ನಿ, ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿದ್ದನ್ನೇ ಆರಿಸಿ. ಕೈಯಿಂದ ದೊಡ್ಡ ದೊಡ್ಡ ತುಂಡು ಮಾಡಿ ಬಟ್ಟೆಯ ಮೇಲೆ ಹರವಿ ಒಂದು ರಾತ್ರಿ ಬಿಡಿ. ಮಳೆಗಾಲವಾದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಆರಿಸಿ.

ಅರ್ಧ ಕಿಲೋ ಹಣ್ಣಾದ ಟೊಮ್ಯಾಟೊ ಹೆಚ್ಚಿ, ಒಂದು ಸಣ್ಣ ಚಮಚ ಉಪ್ಪು ಬೆರೆಸಿ, ಸೋಸುವ ಬುಟ್ಟಿಯಲ್ಲಿ ಹಾಕಿ ಕೆಳಗೊಂದು ಬೋಗುಣಿ ಇಡಿ. ಕಾಲು ಗಂಟೆ ಬಿಟ್ಟು ನೋಡಿ, ಬೋಗುಣಿಯಲ್ಲಿ ತಿಳಿಗೆಂಪು ರಸ ನಿಂತಿರುತ್ತದೆ! ಉಪ್ಪು ಹಣ್ಣಿನೊಳಗಿನ ನೀರನ್ನು ಹೊರಗೆಳೆದಿದೆ. ಈ ರಸಕ್ಕೆ ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದೂವರೆ ಚಮಚ ವಿನೆಗರ್, ಜಜ್ಜಿದ ಬೆಳ್ಳುಳ್ಳಿಯ ಒಂದು ಎಸಳು ಸೇರಿಸಿ ಚೆನ್ನಾಗಿ ಕಡೆಯಿರಿ. ಒಂದು ಉಳ್ಳಾಗಡ್ಡಿಯನ್ನು ತೆಳ್ಳಗೆ ಹೆಚ್ಚಿ ತಣ್ಣೀರಲ್ಲಿ ಹತ್ತು ನಿಮಿಷ ಬಿಟ್ಟರೆ ಅದರ ಖಾರ ಇಳಿಯುತ್ತದೆ. ಟಸ್ಕನಿಯವರು ಬ್ರೆಡ್ಡನ್ನು ನೀರಿನಲ್ಲಿ ನೆನೆಸಿ, ಎರಡೂ ಕೈಯಿಂದ ಗಟ್ಟಿಯಾಗಿ ಹಿಂಡಿ, ಉದುರಿಸಿ ಹಾಕುತ್ತಾರೆ. ಪಾವ್ ಅವರ ಬ್ರೆಡ್ಡಿನಷ್ಟು ಗಟ್ಟಿಯಲ್ಲ, ಅದಕ್ಕೆ ನೀರಿನ ಬದಲು ಈ ರಸವೇ ಸಾಕು. ರಸದಲ್ಲಿ ಬ್ರೆಡ್ಡನ್ನು ಹೊರಳಿಸಿ, ಟೊಮ್ಯಾಟೊ, ಉಳ್ಳಾಗಡ್ಡಿ, ಒಂದು ಸವತಿಕಾಯಿಯ ಹೋಳು ಕೂಡಿಸಿ, ಅರ್ಧ ಗಂಟೆ ಮುಚ್ಚಿಡಿ. ತಿನ್ನುವ ಹೊತ್ತಿಗೆ ಕೊನೆಯದಾಗಿ ಬೇಸಿಲ್ ಸೊಪ್ಪನ್ನು ಕೈಯಿಂದ ಹರಿದು ಹಾಕಿ.

ಟೊಮ್ಯಾಟೊದ ಬೀಜದ ಸುತ್ತಲಿನ ಲೋಳೆಯನ್ನು ದಯವಿಟ್ಟು ಚೆಲ್ಲಬೇಡಿ! ಬಾಯಿ ತುಂಬುವ ಆ ಗಾಢ ರುಚಿಯ ಮೂಲ ಗ್ಲುಟಮೇಟ್ ಎಂದು ಜಪಾನಿನ ಕಿಕುನಾಯೆ ಇಕೆಡ 1908ರಲ್ಲಿ ಕಡಲ ಪಾಚಿಯಿಂದ ಕಂಡುಹಿಡಿದರು. ಟೊಮ್ಯಾಟೊದಲ್ಲಿ ಆ ಗ್ಲುಟಮೇಟ್ ಹೊರಗಿನ ತಿರುಳಿಗಿಂತ ಒಳಗಿನ ಲೋಳೆಯಲ್ಲೇ ಹೆಚ್ಚು ಎಂದು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು 2007ರಲ್ಲಿ ತೋರಿಸಿದರು. ಹಣ್ಣನ್ನು ಫ್ರಿಜ್ಜಿನಲ್ಲೂ ಇಡಬೇಡಿ. ತಂಪಿಗೆ ಸಿಕ್ಕ ಟೊಮ್ಯಾಟೊದಲ್ಲಿ ಪರಿಮಳ ತಯಾರಿಸುವ ಜೀನುಗಳೇ ಕೆಲಸ ಕಡಿಮೆ ಮಾಡಿಬಿಡುತ್ತವೆ ಎಂದು 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ಸಂತೆಯಿಂದ ತಂದದ್ದನ್ನು ಬುಟ್ಟಿಯಲ್ಲಿ ಹರವಿಡುವ ನಮ್ಮ ಅಜ್ಜಿಯರ ರೂಢಿಯೇ ಸರಿ!

ರೊಟ್ಟಿ ದಾರಿ

ಈಗ ನಮ್ಮದು! ಉತ್ತರ ಕರ್ನಾಟಕದ ಮನೆಗಳಿಗೆ ಮುರುಕು ರೊಟ್ಟಿ ಹೊಸದಲ್ಲ. ನೀರು ಚಿಮುಕಿಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕುತ್ತೇವೆ. ಬಿಸಿರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಎಣ್ಣೆ ಸೇರಿಸಿ ಕುಟ್ಟಿ ಮುಟಗಿ ಕಟ್ಟುತ್ತೇವೆ. ಮಜ್ಜಿಗೆಯಲ್ಲಿ ನೆನೆಸಿ ಉಣ್ಣುತ್ತೇವೆ. ಹಸಿ ತರಕಾರಿಯಂತೂ ಖಾನಾವಳಿಯ ಪ್ರತಿ ತಾಟಿನಲ್ಲೂ ಇರುತ್ತದೆ: ಸವತಿಕಾಯಿ, ಗಜ್ಜರಿ, ಮೂಲಂಗಿ, ಎಳೆ ಮೆಂತ್ಯ, ತಪ್ಪಲು ಉಳ್ಳಾಗಡ್ಡಿ, ಹಕ್ಕರಕಿ. ರೊಟ್ಟಿ ಒಂದು ಕಡೆ, ಹಸಿ ತರಕಾರಿಯ ಪಚಡಿ ಇನ್ನೊಂದು ಕಡೆ. ಎರಡನ್ನೂ ಒಂದೇ ಬಟ್ಟಲಿಗೆ ಸುರಿದು ಕಲಸಿದರೆ ಟಸ್ಕನಿಯೇ ಎದುರು ಬಂದು ನಿಲ್ಲುತ್ತದೆ!

ನಾಲ್ಕು ಖಡಕ್ ರೊಟ್ಟಿ ತೆಗೆದುಕೊಂಡು ಎರಡು ಬೆರಳಗಲದ ತುಂಡು ಮಾಡಿ. ಟೊಮ್ಯಾಟೊಗೆ ಮೊದಲಿನ ಹಾಗೆಯೇ ಉಪ್ಪು ಹಚ್ಚಿ ರಸ ಇಳಿಸಿ. ರಸಕ್ಕೆ ಗಾಣದ ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆ, ಅರ್ಧ ಲಿಂಬಿಹಣ್ಣು, ಜಜ್ಜಿದ ಬೆಳ್ಳುಳ್ಳಿ. ಇಲ್ಲಿ ಕ್ರಮ ಬದಲಾಗುತ್ತದೆ, ಇದನ್ನು ಮರೆಯಬೇಡಿ. ಪಾವ್ ಅರ್ಧ ಗಂಟೆ ತಾಳುತ್ತದೆ, ರೊಟ್ಟಿ ತಾಳುವುದಿಲ್ಲ. ಜೋಳದಲ್ಲಿ ಹಿಡಿದಿಡುವ ಜಿಗುಟು ಇಲ್ಲವಲ್ಲ! ಅದಕ್ಕೆ ತರಕಾರಿಯನ್ನೆಲ್ಲ ಮೊದಲು ರಸದಲ್ಲಿ ಕಲಸಿಟ್ಟು, ಊಟಕ್ಕೆ ಕುಳಿತ ಮೇಲೆ ರೊಟ್ಟಿ ಹಾಕಿ, ಎರಡು ಮೂರು ನಿಮಿಷ ತಡೆದು ಬಾಯಿಗಿಡಿ. ಅಂಚು ಇನ್ನೂ ಕಟಕ್ ಎನ್ನುತ್ತಿರುತ್ತದೆ, ನಡು ಮಾತ್ರ ರಸ ಕುಡಿದು ಮೆತ್ತಗಾಗಿರುತ್ತದೆ. ಒಂದೇ ತುತ್ತಿನಲ್ಲಿ ಎರಡೂ! ಆ ಎರಡರ ನಡುವಿನ ಹದ ನಾಲಿಗೆಗೆ ಸಿಕ್ಕ ಕ್ಷಣದ ಖುಷಿಯನ್ನು ಹೇಗೆ ಬರೆದು ತೋರಿಸಲಿ? ಮೇಲೆ ಒಂದು ಚಿಟಿಕೆ ಗುರೆಳ್ಳು ಹಿಂಡಿ ಉದುರಿಸಿದರಂತೂ ಮುಗಿದೇ ಹೋಯಿತು.

ನಮ್ಮ ಓಣಿಯ ಹಿರಿಯರೊಬ್ಬರಿಗೆ ಒಂದು ಬಟ್ಟಲು ಕೊಟ್ಟೆ. ಒಂದು ತುತ್ತು ಬಾಯಿಗಿಟ್ಟು, "ಯವ್ವಾ, ಇದು ಪಚಡಿಗೆ ರೊಟ್ಟಿ ಮುರದು ಹಾಕಿದ್ದಲ್ಲೇನ? ಹೊಲದಾಗ ನಾವು ಹಿಂಗ ಉಣತಿದ್ವಿ" ಅಂದರು. ಇಟಲಿಯಲ್ಲೂ ಹೊಲದ ಜನ ಇದನ್ನೇ ಉಣ್ಣುತ್ತಾರೆ ಎಂದೆ. "ಹೊಲದಾಗ ದುಡಿಯವ್ರ ಹಸಿವು ಎಲ್ಲಾ ಕಡೆ ಒಂದ ಅಲ್ಲೇನ" ಎಂದು ಇನ್ನೊಂದು ತುತ್ತು ತೆಗೆದುಕೊಂಡರು. ಇಷ್ಟು ಪುಸ್ತಕ ತಿರುವಿ ನಾನು ಹಿಡಿಯಹೊರಟಿದ್ದನ್ನು ಅವರು ಎರಡು ತುತ್ತಿನಲ್ಲಿ ಹಿಡಿದಿದ್ದರು!

ಹೂಮಾಲೆಯಲ್ಲಿ ಅಡಗಿದ್ದ ಸೊಪ್ಪು

ಬೇಸಿಲ್ ಎಲ್ಲಿಂದ ತರುವುದು ಎಂದು ಕೇಳುತ್ತೀರಾ? ಹೂವಿನವರ ಬುಟ್ಟಿ ನೋಡಿ! ಮಾಲೆಯ ನಡುನಡುವೆ ಕಟ್ಟುವ ಕಾಮಕಸ್ತೂರಿಯೇ ಬೇಸಿಲ್. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಜಾತಿ, ಆಸಿಮಮ್ ಬೆಸಿಲಿಕಮ್. ಬೇಸಿಗೆಯ ಶರಬತ್ತಿಗೆ ನೆನೆಹಾಕುವ ಕಪ್ಪು ಬೀಜವೂ ಇದರದ್ದೇ. ನಮ್ಮ ತಳಿಯ ಘಮ ಇಟಲಿಯದಕ್ಕಿಂತ ತುಸು ಖಾರ, ಅದಕ್ಕೆ ಎಲೆ ಕಡಿಮೆ ಹಾಕಿ. ಮಾಲೆಯಲ್ಲಿದ್ದದ್ದನ್ನು ಮಾತ್ರ ತಿನ್ನಬೇಡಿ, ಬೀಜ ತಂದು ಹಿತ್ತಲಲ್ಲೋ ಕುಂಡದಲ್ಲೋ ಬಿತ್ತಿ.

ಗೋಳಿ ಸೊಪ್ಪು? ನೀರುಣ್ಣುವ ಮಡಿಗಳಲ್ಲಿ ಕಳೆ ಎಂದು ಕಿತ್ತೆಸೆಯುತ್ತೇವಲ್ಲ, ನೆಲಕ್ಕಂಟಿ ಹಬ್ಬುವ, ಕೆಂಪು ದಂಟಿನ, ದಪ್ಪನೆ ಪುಟ್ಟ ಎಲೆಯ ಗಿಡ, ಅದೇ! ಬ್ರೊಂಜಿನೊ ಹಾಡಿ ಹೊಗಳಿದ ಸೊಪ್ಪು ನಮ್ಮ ಕಳೆಯ ರಾಶಿಯಲ್ಲಿ ಬಿದ್ದಿದೆ. ಅದರ ಹುಳಿಯಲ್ಲೂ ಒಂದು ಗುಟ್ಟಿದೆ. ನೀರು ಕಡಿಮೆಯಾದಾಗ ಈ ಗಿಡ ಹಗಲು ಉಸಿರಾಟದ ರಂಧ್ರ ಮುಚ್ಚಿ, ರಾತ್ರಿ ತೆರೆದು, ಒಳಗೆಳೆದ ಗಾಳಿಯನ್ನು ಆಮ್ಲವಾಗಿ ಎಲೆಯಲ್ಲಿ ಕೂಡಿಡುತ್ತದೆ. ಬಿಸಿಲೇರಿದಂತೆ ಆ ಆಮ್ಲ ಖರ್ಚಾಗುತ್ತ ಹೋಗುತ್ತದೆ. ಹಾಗಾಗಿ ನಸುಕಿನಲ್ಲಿ ಕಿತ್ತ ಎಲೆ ಹುಳಿ, ಸಂಜೆ ಕಿತ್ತದ್ದು ಸೌಮ್ಯ. ಒಂದೇ ಗಿಡದಲ್ಲಿ ಎರಡು ರುಚಿ!

ಎಣ್ಣೆಯ ಮಾತು ಹೇಳದೆ ಮುಂದೆ ಹೋಗಲಾರೆ. ಎರಿ ಹೊಲದಲ್ಲಿ ಜೋಳದ ಸುತ್ತ ಕುಸುಬಿಯ ಸಾಲು ಹಾಕುತ್ತಿದ್ದರು, ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುತ್ತಿರಲಿಲ್ಲ. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ! ಹಸಿಯಾಗಿ ಸುರಿಯುವ ಎಣ್ಣೆಗೆ ಇಲ್ಲಿ ರುಚಿಗಿಂತ ದೊಡ್ಡ ಕೆಲಸವೂ ಇದೆ. ಟೊಮ್ಯಾಟೊದ ಕೆಂಪು ಬಣ್ಣ ಲೈಕೊಪೀನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಎಣ್ಣೆ ಜೊತೆಗಿದ್ದಾಗಲೇ ನಮ್ಮ ಮೈ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಯಾರ ಬಟ್ಟಲು ಇದು?

ಈಗ ಬಟ್ಟಲಿನಲ್ಲಿ ಇರುವ ಒಂದೊಂದರ ತವರು ಹುಡುಕೋಣ ಬನ್ನಿ. ಜೋಳ ಆಫ್ರಿಕದ್ದು. ಗೋಧಿ ಪಶ್ಚಿಮ ಏಷ್ಯದ್ದು. ಉಳ್ಳಾಗಡ್ಡಿ ಮಧ್ಯ ಏಷ್ಯದ ಕಡೆಯದು. ಶೇಂಗಾ ದಕ್ಷಿಣ ಅಮೆರಿಕದ್ದು, ಟೊಮ್ಯಾಟೊವೂ ಆ ಕಡೆಯದೇ. ಹಾಗಾದರೆ ನಮ್ಮದು ಯಾವುದು? ಸವತಿಕಾಯಿ! ಹಿಮಾಲಯದ ತಪ್ಪಲಿನ ಕಾಡುಬಳ್ಳಿಯನ್ನು ಪಳಗಿಸಿ ಸವತಿಯನ್ನು ಜಗತ್ತಿಗೆ ಕೊಟ್ಟದ್ದು ಭಾರತ. ಕಾಮಕಸ್ತೂರಿಯ ತವರೂ ಏಷ್ಯದ ಬಿಸಿಲುನಾಡುಗಳೇ, ಅದರಲ್ಲಿ ನಮ್ಮದೂ ಒಂದು. ಬ್ರೊಂಜಿನೊ ಆ ಬಟ್ಟಲನ್ನು ಹೊಗಳಿದಾಗ ಅದರಲ್ಲಿ ಟೊಮ್ಯಾಟೊ ಇರಲಿಲ್ಲ, ಆದರೆ ನಮ್ಮ ಸವತಿಕಾಯಿ ಇತ್ತು! ಇಟಲಿಯ ಸಲಾಡು ನಮ್ಮ ಮನೆಗೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಸವತಿಯ ಬೀಜ ಅವರ ಮನೆಗೆ ಹೋಗಿ ಬೇರೂರಿತ್ತು!

ಟಸ್ಕನಿಯ ಆಚೆಗೂ ಈ ಬಂಧುಬಳಗ ಹಬ್ಬಿದೆ. ಇಟಲಿಯ ಆಗ್ನೇಯ ತುದಿಯ ಪುಲ್ಯಾ ಪ್ರಾಂತ್ಯದವರು ಬಾರ್ಲಿ, ಗೋಧಿಯ ರೊಟ್ಟಿಯನ್ನು ಒಮ್ಮೆ ಬೇಯಿಸಿ, ಎರಡು ಹೋಳು ಮಾಡಿ, ಮತ್ತೆ ಬೇಯಿಸಿ ಕಲ್ಲಿನಷ್ಟು ಗಟ್ಟಿ ಮಾಡುತ್ತಾರೆ. ಫ್ರಿಸೆಲ್ಲಾ ಎಂಬ ಅದನ್ನು ಬೇಕಾದಾಗ ನೀರಿಗೆ ಅದ್ದಿ, ಟೊಮ್ಯಾಟೊ, ಎಣ್ಣೆ ಹಾಕಿ ತಿನ್ನುತ್ತಾರೆ. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಬಾರ್ಲಿಯ ಒಣರೊಟ್ಟಿಯ ಮೇಲೆ ಟೊಮ್ಯಾಟೊ ಹೇರಿದ ಡಾಕೋಸ್ ಇದೆ. ಲೆಬನಾನ್, ಸಿರಿಯಾಗಳಲ್ಲಿ ತೆಳ್ಳನೆ ರೊಟ್ಟಿಯ ಗರಿಗರಿ ಚೂರು ಬೆರೆಸಿದ ಫತ್ತೂಷ್ ಇದೆ, ಅದರಲ್ಲೂ ಗೋಳಿ ಸೊಪ್ಪು! ಮಳೆ ಕಡಿಮೆ, ದುಡಿಮೆ ಹೆಚ್ಚು, ದಿನವೂ ಒಲೆ ಹಚ್ಚುವಷ್ಟು ಕಟ್ಟಿಗೆಯಾಗಲಿ ಪುರುಸೊತ್ತಾಗಲಿ ಇಲ್ಲದ ನಾಡುಗಳು ಬೆಟ್ಟ ಕಡಲುಗಳಾಚೆ ಒಂದನ್ನೊಂದು ನೋಡದೆಯೇ ಒಂದೇ ಜಾಣತನ ಕಂಡುಕೊಂಡವು: ರೊಟ್ಟಿಯನ್ನು ಬಾಳುವ ಹಾಗೆ ಮಾಡು, ಹೊಲದ ಹಸಿ ರಸದಿಂದ ಅದನ್ನು ಎಬ್ಬಿಸು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳವೂ ಆ ಸಾಲಿನಲ್ಲಿ ನಿಂತಿತು. ಆ ದೊಡ್ಡ ಬಂಧುಬಳಗದ ಪಂಕ್ತಿಯಲ್ಲೂ ನಮ್ಮ ಖಡಕ್ ರೊಟ್ಟಿ ಯಾರಿಗೂ ಕಡಿಮೆಯಿಲ್ಲದೆ ಎದೆಯುಬ್ಬಿಸಿ ಕೂಡಬಲ್ಲದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾದರೆ ತಡವೇಕೆ? ಬುಟ್ಟಿಯ ತಳದ ಮುರುಕನ್ನು ದನದ ಬಾನಿಗೆ ಹಾಕುವ ಮುನ್ನ ಒಂದು ಪಾಲು ತೆಗೆದಿಡಿ. ಹಕ್ಕರಕಿ ಬರುವ ಚಳಿಗಾಲಕ್ಕೆ ಹಕ್ಕರಕಿ ಹಾಕಿ, ಚೈತ್ರದಲ್ಲಿ ಲಿಂಬಿಯ ಬದಲು ಮಾವಿನಕಾಯಿ ತುರಿದು ಹಾಕಿ, ಮಳೆಗಾಲದಲ್ಲಿ ಚಿಗುರಿದ ಕಾಮಕಸ್ತೂರಿ ಹರಿದು ಹಾಕಿ. ಎಳ್ಳ ಅಮ್ಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ರೊಟ್ಟಿ ಬೇರೆ, ರಸ ಬೇರೆ ಕಟ್ಟಿಕೊಂಡು ಹೋಗಿ ಅಲ್ಲೇ ಕಲಸಿ. ಟೊಮ್ಯಾಟೊ ತುಟ್ಟಿಯಾದ ದಿನ ಅದಿಲ್ಲದೆಯೇ ಮಾಡಿ, ಫ್ಲಾರೆನ್ಸಿನವರು ಅದಿಲ್ಲದೆಯೇ ತಲೆಮಾರುಗಟ್ಟಲೆ ಮಾಡಿದರು. ಉಳ್ಳಾಗಡ್ಡಿ, ಸವತಿ, ಎಣ್ಣೆ, ಹುಳಿ, ಒಣಗಿದ ರೊಟ್ಟಿ, ಇಷ್ಟಿದ್ದರೆ ಸಾಕು. ಅಳ್ನಾವರದ ಯಾವ ಮನೆಯಲ್ಲಿ ಇಷ್ಟಿಲ್ಲ?